ಅಕ್ಕಿ ಅಳೆಯೋ ಟ್ರೋಫಿ: ಗೆಳೆಯನಿಗೊಂದು ಪತ್ರ

ಲೋ,

ಅವತ್ತು ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡ್ಲಿಲ್ಲ ಕಣೋ. ನಮ್ಮ ಕ್ಯಾಪ್ಟನ್ ತಿಥಿ ಮನೆ, ಶಾಮಿಯಾನದ ಕೆಳಗೆ ಎರಡನೇ ಪಂಕ್ತಿ ನಡೀತಿತ್ತು, ಹಿಂದೆ ಪಾತ್ರೆ ಸದ್ದು, ಯಾರೋ ಎಲೆ ಸಾಲ್ದು ಅಂತ ಕೂಗ್ತಿದ್ರು. ನೀನು ಡಲ್ಲಾಸಲ್ಲಿ ಸರಿರಾತ್ರಿ ಎದ್ದು ಕೂತು "ಹೆಂಗಾಯ್ತೋ, ಹೆಂಗಾಯ್ತೋ" ಅಂತ ನಾಕು ಸಲ ಕೇಳ್ದೆ, ನಾನು ನಾಕು ಸಲಾನೂ "ಹಾರ್ಟ್ ಅಟ್ಯಾಕು" ಅಂದೆ. ಆಮೇಲೆ ಇಬ್ರೂ ಸುಮ್ನಾಗ್ಬಿಟ್ವಿ. ನೀನು ಅಳ್ತಿದ್ಯೋ ಲೈನ್ ಕಟ್ಟಾಗಿತ್ತೋ ನಂಗೆ ಗೊತ್ತಾಗ್ಲಿಲ್ಲ. ಅವತ್ತಿಂದ ವಾಟ್ಸಾಪಲ್ಲಿ ಟೈಪ್ ಮಾಡೋದು, ಅಳಿಸೋದು, ಇದೇ ಆಗಿದೆ. ಇವತ್ತು ಕೂತು ಪೂರ್ತಿ ಬರೀತಿದೀನಿ. ನಮ್ಮ ಬ್ಯಾಚಿನ ಬೇರೆಯೋರೂ ಓದ್ಲಿ ಅಂತ ಎಲ್ರಿಗೂ ಕಾಣೋ ಹಾಗೇ ಹಾಕ್ತಿದೀನಿ, ಅದಕ್ಕೆ ಹೆಸರು ಬರೆಯಲ್ಲ, ನಮಗೆ ಅವನು ಯಾವತ್ತಿದ್ರೂ ಕ್ಯಾಪ್ಟನ್ನೇ ತಾನೆ.

ಮೊದಲು ಅದನ್ನ ಹೇಳಿ ಮುಗಿಸ್ತೀನಿ. ಜೂನ್ ಎರಡನೇ ವಾರ, ಸ್ಕೂಲು ಶುರುವಾಗಿ ಹತ್ತು ದಿನ ಆಗಿತ್ತು ಅಷ್ಟೆ. ಅವನ ಹೆಂಡ್ತಿ ಸ್ಟಾಫ್ ನರ್ಸ್ ಅಂತ ನಿಂಗೆ ಗೊತ್ತಲ್ಲ, ಅವತ್ತು ಅವರಿಗೆ ನೈಟ್ ಡ್ಯೂಟಿ. ಮನೇಲಿ ಇವನು, ಅವ್ವ, ಚಿಕ್ಕ ಮಗಳು. ರಾತ್ರಿ ಹನ್ನೊಂದೂವರೆಗೆ ಎದೆ ಉರಿ ಅಂದಿದಾನೆ. ಗ್ಯಾಸ್ಟ್ರಿಕ್ಕು ಅಂತ ಅವನೇ ತೀರ್ಮಾನ ಮಾಡ್ಕೊಂಡು ಜೀರಿಗೆ ನೀರು ಕುಡಿದಿದಾನೆ, ಸೋಡಾ ಕುಡಿದಿದಾನೆ, ಜಗಲಿ ಮೇಲೆ ಆಕಡೆ ಈಕಡೆ ಓಡಾಡಿದಾನೆ. ಎಡಗೈ ನೋವು ಅಂದಾಗ ಬೆಳಗ್ಗೆ ಗ್ರೌಂಡಲ್ಲಿ ಕಲ್ಲು ಎತ್ತಿದ್ದೆ ಅದಕ್ಕೆ ಅಂದನಂತೆ. ಅವ್ವನೇ ಜೋರು ಮಾಡಿ ಪಕ್ಕದ ಮನೆ ಹುಡುಗನ್ನ ಕರೆಸಿ ಆಟೋ ತರಿಸೋ ಹೊತ್ತಿಗೆ ಒಂದೂ ಮುಕ್ಕಾಲು. ದಾರೀಲೇ ಹೋಗ್ಬಿಟ್ಟ. ಐವತ್ತಮೂರು ವರ್ಷ.

ನಂಗೆ ದುಃಖಕ್ಕಿಂತ ಸಿಟ್ಟು ಜಾಸ್ತಿ ಇದೆ ನೋಡು. ಸೆಕೆಂಡನ್ನ ಹತ್ತು ಭಾಗ ಮಾಡಿ ಬರೆದಿಡ್ತಿದ್ದ ಮನುಷ್ಯ ಎರಡು ಗಂಟೆ ಹಾಳು ಮಾಡ್ದ. ಹೆಂಡ್ತಿಗೆ ಡ್ಯೂಟಿ ಟೈಮಲ್ಲಿ ತೊಂದ್ರೆ ಯಾಕೆ ಅಂತ ಫೋನೂ ಮಾಡ್ಲಿಲ್ಲ. ಆಯಮ್ಮ ನನ್ನತ್ರ ಅದೊಂದೇ ಹೇಳೋದು, "ಅಣ್ಣ, ಒಂದು ಮಿಸ್ಡ್ ಕಾಲ್ ಕೊಟ್ಟಿದ್ರೂ ಸಾಕಿತ್ತು, ನಾನು ರಾತ್ರಿಯೆಲ್ಲ ಬೇರೆಯೋರ ಬಿಪಿ ನೋಡ್ತಾ ಕೂತಿದ್ದೆ." ಅದಕ್ಕೆ ಏನು ಹೇಳ್ತೀಯ. ಬಂದೋರೆಲ್ಲ "ಅಷ್ಟು ಓಡ್ತಿದ್ದೋರು, ಬೀಡಿ ಇಲ್ಲ ಸಿಗರೇಟಿಲ್ಲ, ಹೆಂಗೆ" ಅಂತ ಕೇಳ್ತಿದ್ರು. 2021ರಲ್ಲಿ ಅಪ್ಪು ಹೋದಾಗ್ಲೂ ಇದೇ ಪ್ರಶ್ನೆ ಕೇಳಿದ್ವಿ, ಆಗ ಜಯದೇವ ಆಸ್ಪತ್ರೆ ಮುಂದೆ ಇಸಿಜಿ ಮಾಡಿಸೋಕೆ ಜನ ಕ್ಯೂ ನಿಂತಿದ್ದು ನೆನಪಿದ್ಯಾ? ನಾನೂ ಹೋಗಿ ಮಾಡಿಸ್ಕೊಂಡು ಬಂದೆ. ಇವನಿಗೆ ಹೇಳ್ದೆ, ನೀನೂ ಮಾಡ್ಸೋ ಅಂತ. "ನಂಗ್ಯಾತಕ್ಲಾ, ದಿನಾ ಮಕ್ಕಳ ಜೊತೆ ಓಡ್ತೀನಿ" ಅಂದ. ಇಪ್ಪತ್ತು ವಯಸ್ಸಲ್ಲಿ ಓಡಿದ್ದು ಐವತ್ತಕ್ಕೆ ಇನ್ಶೂರೆನ್ಸ್ ಅಲ್ಲ, ನೀನಾದ್ರೂ ಒಂದ್ಸಲ ತೋರಿಸ್ಕೋ. ಇನ್ನು ಇದರ ಬಗ್ಗೆ ಬರೆಯಲ್ಲ.

ತಿಥಿ ದಿನ ಎಡೆ ಇಟ್ಟಿದ್ದ ಕಡೆ ಫೋಟೋ, ಹೂವಿನ ಹಾರ, ಮುದ್ದೆ, ಅವನಿಗೆ ಇಷ್ಟ ಅಂತ ಹುರುಳಿಕಾಳು ಬಸ್ಸಾರು, ನಾಟಿಕೋಳಿ ಎಲ್ಲಾ ಇತ್ತು. ಯಾರೋ ಹಳೇ ಸ್ಟೂಡೆಂಟು ಪಕ್ಕದಲ್ಲಿ ಒಂದು ವಿಶಲ್ ಇಟ್ಟು ಹೋಗಿದ್ದ, ಕೆಂಪು ದಾರದ್ದು. ಅದನ್ನ ನೋಡಿದ ಮೇಲೆ ನಂಗೆ ಊಟ ಇಳೀಲಿಲ್ಲ.

ಮೈಕ್ ಹಿಡಿದೋರೆಲ್ಲ ಮೆಡಲ್ ಬಗ್ಗೆನೇ ಮಾತಾಡಿದ್ರು. ಯೂನಿವರ್ಸಿಟಿ ಬ್ಲೂ, ದಸರಾ ಕ್ರೀಡಾಕೂಟದಲ್ಲಿ ಓಡಿದ್ದು, 400 ಮೀಟರ್ 49.2 ಸೆಕೆಂಡು. ಅದೆಲ್ಲ ನಿಜವೇ. ಆದ್ರೆ ಅವನೇ ಇದ್ದಿದ್ರೆ ಆಲ್ ಇಂಡಿಯಾ ಇಂಟರ್ ಯೂನಿವರ್ಸಿಟಿಗೆ ಹೋಗಿ ಹೀಟ್ಸಲ್ಲೇ, ಅಂದ್ರೆ ಮೊದಲ ಸುತ್ತಲ್ಲೇ, ಔಟಾದ ಕಥೆ ಹೇಳ್ತಿದ್ದ. ಎರಡು ದಿನ ಟ್ರೇನಲ್ಲಿ ಜನರಲ್ ಬೋಗೀಲಿ ಹೋಗಿ, 50 ಸೆಕೆಂಡು ಚಿಲ್ಲರೆ ಓಡಿ, ಮತ್ತೆ ಎರಡು ದಿನ ಟ್ರೇನಲ್ಲಿ ವಾಪಸ್ ಬಂದಿದ್ದ. "ನಾಕು ದಿನ ಕೂತು ಒಂದು ನಿಮಿಷ ಓಡ್ದೋನು ಇಡೀ ಮಂಡ್ಯ ಜಿಲ್ಲೇಲಿ ನಾನೊಬ್ನೇ ಕಣ್ಲಾ" ಅಂತಿದ್ದ.

ನಿಂಗೆ ಬೆಳಗಿನ ಪ್ರಾಕ್ಟೀಸ್ ನೆನಪಿದ್ಯಾ? ಐದು ಗಂಟೆಗೆ ಹಾಸ್ಟೆಲಿಂದ ಎಬ್ಬಿಸಿ ಚಾಮುಂಡಿ ಬೆಟ್ಟದ ಬುಡಕ್ಕೆ ಕರ್ಕೊಂಡು ಹೋಗ್ತಿದ್ದ. ಸಾವಿರ ಮೆಟ್ಲು, ಏಳ್ನೂರರ ಹತ್ರ ನಂದಿ. ನಾನು ನಂದಿವರೆಗೂ ಹೋಗಿ ಬಸವಣ್ಣನಿಗೆ ಅಡ್ಡಬಿದ್ದು ಅಲ್ಲೇ ಕೂತ್ಬಿಡ್ತಿದ್ದೆ, ನೀನು ಇನ್ನೂ ಕಳ್ಳ, ಕೆಳಗೇ ಶೂ ಲೇಸು ಕಟ್ತಾ ಇರ್ತಿದ್ದೆ. ಅವನು ಮೇಲಕ್ಕೆ ಹೋಗಿ ಇಳಿದು ಬಂದು ನಮ್ಮನ್ನ ಬೈದು, ಮತ್ತೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ರೌಂಡ್ ಓಡಿಸ್ತಿದ್ದ. ಅವನಿಗೆ ಏರಿ ಅಂದ್ರೆ ಪ್ರಾಣ. ಸಣ್ಣವನಿದ್ದಾಗ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸ್ಕೂಲಿಗೆ ಓಡ್ಕೊಂಡು ಹೋಗ್ತಿದ್ನಂತೆ, ಬರಿಗಾಲಲ್ಲಿ. ಆಲೆಮನೆ ಹತ್ರ ಬಂದಾಗ ಬಿಸಿ ಬೆಲ್ಲ ಕೊಡ್ತಾರೆ ಅಂತ ಮಾತ್ರ ನಿಂತ್ಕೊಳ್ತಿದ್ದೆ ಅಂತಿದ್ದ.

400 ಮೀಟರ್ ಬಗ್ಗೆ ಅವನು ಹೇಳಿದಂಗೆ ನಂಗೆ ಯಾವ ಕೋಚೂ ಹೇಳ್ಲಿಲ್ಲ. ಮುನ್ನೂರು ಮೀಟರ್‌ವರೆಗೂ ನೀನು ಓಡೋದು, ಆಮೇಲೆ ಗದ್ದೆ ಶುರುವಾಗುತ್ತೆ ಅನ್ನೋನು. ನಾಟಿ ಮಾಡೋಕೆ ಹದ ಮಾಡಿದ ಕೆಸರುಗದ್ದೇಲಿ ಕಾಲು ಎತ್ತಿಡ್ತೀಯಲ್ಲ, ಹಂಗೆ. ಕೊನೇ ನೂರಲ್ಲಿ ಯಾವನೂ ಸ್ಪೀಡ್ ಜಾಸ್ತಿ ಮಾಡಲ್ಲ, ನೋಡೋರಿಗೆ ಹಂಗೆ ಕಾಣುತ್ತೆ ಅಷ್ಟೆ, ಎಲ್ರೂ ನಿಧಾನ ಆಗ್ತಿರ್ತಾರೆ, ಕಮ್ಮಿ ನಿಧಾನ ಆದೋನು ಗೆಲ್ತಾನೆ. ಎಂಟನೇ ಲೇನ್ ಸಿಕ್ಕಿದ್ರೆ ಇನ್ನೂ ಕಷ್ಟ, ಒಂದನೇ ಲೇನಿನವನಿಗಿಂತ 53 ಮೀಟರ್ ಮುಂದೆ ಒಬ್ನೇ ನಿಂತಿರ್ತೀಯ, ಯಾರೂ ಕಣ್ಣಿಗೆ ಕಾಣಲ್ಲ, ಹಿಂದೆ ಕಾಲಿನ ಸದ್ದು ಮಾತ್ರ. ಅವನಿಗೆ ಅದೇ ಇಷ್ಟ. ಡ್ರಾದಲ್ಲಿ ಎಂಟು ಬಂದ್ರೆ ಖುಷಿಪಡೋ ಹುಚ್ಚನ್ನ ನಾನು ಇವನೊಬ್ಬನ್ನೇ ನೋಡಿರೋದು.

ನಾವು ಹಾಸ್ಟೆಲಲ್ಲಿದ್ದಾಗ, 1992ರಲ್ಲಿ, ಬಾರ್ಸಿಲೋನಾ ಒಲಿಂಪಿಕ್ಸು. 400 ಮೀಟರ್ ಸೆಮಿಫೈನಲಲ್ಲಿ ಇಂಗ್ಲೆಂಡಿನ ಡೆರೆಕ್ ರೆಡ್ಮಂಡ್ ತೊಡೆ ಹಿಂದಿನ ಸ್ನಾಯು ಹರ್ಕೊಂಡು ಅರ್ಧದಲ್ಲಿ ಕೂತ್ಬಿಟ್ಟ, ಆಮೇಲೆ ಎದ್ದು ಕುಂಟ್ಕೊಂಡು ಹೊರಟಾಗ ಅವನಪ್ಪ ಗ್ಯಾಲರಿಯಿಂದ ಇಳಿದು ಬಂದು ಹೆಗಲು ಕೊಟ್ಟು ನಡೆಸ್ಕೊಂಡು ಹೋದ್ನಲ್ಲ. ಹಾಸ್ಟೆಲ್ ಟಿವೀಲಿ ಅದನ್ನ ತೋರಿಸಿದಾಗ ನಾವೆಲ್ಲ ರೆಡ್ಮಂಡ್ ಪಾಪ, ರೆಡ್ಮಂಡ್ ಪಾಪ ಅಂತಿದ್ವಿ. ಇವನು ಮಾತ್ರ "ಆ ಅಪ್ಪನ್ನ ನೋಡ್ರೋ, ಪೊಲೀಸ್ನೋರನ್ನ ತಳ್ಕೊಂಡು ಬಂದ" ಅಂದ. ಅದನ್ನೇ ಎರಡು ದಿನ ಹೇಳ್ತಿದ್ದ. ಮಿಲ್ಖಾ ಸಿಂಗ್ ತೀರಿಹೋದಾಗ್ಲೂ ಅಷ್ಟೆ. ನಮ್ಮ ಗ್ರೂಪಲ್ಲಿ ಎಲ್ರೂ 1960ರ ರೋಮ್, ನಾಲ್ಕನೇ ಸ್ಥಾನ, ಕೂದಲೆಳೆಯಲ್ಲಿ ತಪ್ಪಿದ ಕಂಚು ಅಂತ ಹಾಕ್ತಿದ್ರು. ಇವನು ಒಂದೇ ಲೈನು ಹಾಕಿದ್ದ: "ಹೆಂಡ್ತಿ ಹೋಗಿ ಐದೇ ದಿನಕ್ಕೆ ಹೋದ್ರು." ನೀನು ಅದಕ್ಕೆ ಕೈ ಮುಗಿಯೋ ಎಮೋಜಿ ಹಾಕಿದ್ದೆ, ಮೇಲಕ್ಕೆ ಹೋಗಿ ನೋಡ್ದೆ ಮೊನ್ನೆ.

ಅದಿರ್ಲಿ. ಅವನ ಮನೆ ಸುದ್ದಿ ಹೇಳ್ಬೇಕು, ನೀನು 2011ರಲ್ಲಿ ಒಂದೇ ಸಲ ಬಂದಿದ್ದು, ಅದೂ ಅರ್ಧ ದಿನ.

ಡಿಗ್ರಿ ಮುಗಿದ ಮೇಲೆ ಅವನಪ್ಪ ಹೋಗಿದ್ದು, ಜಮೀನು, ತಂಗಿ ಮದುವೆ, ದೂರದೂರಲ್ಲಿ ಸ್ಪೋರ್ಟ್ಸ್ ಕೋಟಾ ಕೆಲಸ ಬಿಟ್ಟಿದ್ದು ಎಲ್ಲಾ ನಿಂಗೆ ಗೊತ್ತಿರೋದೇ. ಪಾಂಡವಪುರ ಕಡೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿ ಸೇರ್ದ, ಕೊನೇವರೆಗೂ ಆ ತಾಲ್ಲೂಕು ದಾಟ್ಲಿಲ್ಲ. ನಾನು ಒಂದೆರಡು ಸಲ ಕೇಳಿದೀನಿ, ಬೇಜಾರಿಲ್ವೇನೋ ಅಂತ. "ಯಾಕ್ಲಾ, ನಂದೇ ಗ್ರೌಂಡು, ನಂದೇ ವಿಶಲ್ಲು" ಅಂದ. ನಾನು ಬ್ಯಾಂಕಲ್ಲಿ ಮೂವತ್ತು ವರ್ಷದಲ್ಲಿ ಒಂದು ದಿನಾನೂ ಹಂಗೆ ಹೇಳ್ಕೊಳ್ಳೋ ಹಾಗಿರ್ಲಿಲ್ಲ.

ಹೆಂಡ್ತಿಗೆ ಶಿಫ್ಟು. ನೈಟ್ ಮುಗಿಸಿ ಬೆಳಗ್ಗೆ ಎಂಟೂವರೆಗೆ ಬರೋ ಹೊತ್ತಿಗೆ ಅವರಿಗೆ ಬಿಸಿನೀರು ಕಾದಿರ್ಬೇಕು, ತಿಂಡಿ ಮುಚ್ಚಿಟ್ಟಿರ್ಬೇಕು, ಇದು ಅವನ ಲೆಕ್ಕ. ಐದಕ್ಕೆ ಎದ್ದು ಅನ್ನಕ್ಕಿಟ್ಟು, ಇಬ್ರು ಹೆಣ್ಮಕ್ಕಳಿಗೂ ಜಡೆ ಹಾಕೋನು. ನಾನೇ ಕಣ್ಣಾರೆ ನೋಡಿದೀನಿ ಮಾರಾಯಾ, ಆರಡಿ ಆಳು, ಬಾಯಲ್ಲಿ ಎರಡು ಹೇರ್‌ಪಿನ್ ಕಚ್ಕೊಂಡು, ಮೊಣಕಾಲ ಮಧ್ಯೆ ಮಗೂನ ಕೂರಿಸ್ಕೊಂಡು, ಎಣ್ಣೆ ಹಚ್ಚಿ ಬೈತಲೆ ತೆಗೆಯೋದು ಟ್ರ್ಯಾಕಿಗೆ ಗೆರೆ ಎಳೆದಷ್ಟೇ ನೇರ. ದೊಡ್ಡವಳಿಗೆ ಎರಡು ಜಡೆ ಮಡಚಿ ರಿಬ್ಬನ್ ಕಟ್ಟೋಕೆ ಎಷ್ಟು ಟೈಮು ಅಂತನೂ ವಾಚ್ ಹಿಡಿದು ನೋಡಿದ್ನಂತೆ. ಊರಲ್ಲಿ ಮೊದಮೊದಲು ಆಡ್ಕೊಂಡ್ರು, ಪಿಟಿ ಮೇಷ್ಟ್ರು ಹೆಂಡ್ತಿ ಸೀರೆ ಒಗೆದು ಹಾಕ್ತಾರೆ ಅಂತ ಅರಳಿಕಟ್ಟೇಲಿ ಕೂತ್ಕೊಂಡು ನಗೋರು. ಇವನು ಅದೇ ಅರಳಿಕಟ್ಟೆ ಮುಂದೆ ಬಕೆಟ್ ಹಿಡ್ಕೊಂಡು ಹೋಗ್ತಾ "ನಿಮ್ಮ ಮನೇದೂ ಕೊಡ್ರಪ್ಪ, ಒಟ್ಟಿಗೇ ಒಗೀತೀನಿ" ಅಂದನಂತೆ. ಅಲ್ಲಿಗೆ ಮುಗೀತು.

ಇನ್ನು ಆ ಟ್ರೋಫಿ. ಇಂಟರ್ ಕಾಲೇಜು ಬೆಸ್ಟ್ ಅಥ್ಲೀಟ್ ಕಪ್ ಇತ್ತಲ್ಲ, ಎರಡು ಹಿಡಿ ಇರೋದು, ನಾವು ಅದ್ರಲ್ಲಿ ಹಾಸ್ಟೆಲಲ್ಲಿ ಕಾಫಿ ಕುಡಿದಿದ್ವಿ. ಅವರ ಮನೇಲಿ ಅದು ಅಕ್ಕಿ ಡಬ್ಬದೊಳಗೆ ಇರ್ತಿತ್ತು. ಅಕ್ಕಿ ಅಳೆಯೋಕೆ. ಮೂರು ಕಪ್ ಹಾಕಿದ್ರೆ ಐದು ಜನಕ್ಕೆ ಸರಿ, ನೆಂಟ್ರು ಬಂದ್ರೆ ನಾಕು. ಒಂದು ಹಿಡಿ ಮುರಿದೋಗಿದೆ. ಮಕ್ಕಳಿಗೆ ಅದು ಟ್ರೋಫಿ ಅಂತ ಗೊತ್ತೇ ಇರ್ಲಿಲ್ಲ. ದೊಡ್ಡವಳು ಏಳನೇ ಕ್ಲಾಸಲ್ಲಿದ್ದಾಗ ಹಬ್ಬಕ್ಕೆ ಅಂತ ಹುಣಸೇಹಣ್ಣು ಹಾಕಿ ತಿಕ್ಕಿದಾಳೆ, ಹೊಟ್ಟೆ ಭಾಗದಲ್ಲಿ ಅಕ್ಷರ ಕಂಡಿದೆ, ಅಪ್ಪನ ಹೆಸರು, 1992. ಓಡಿ ಬಂದು "ಅಪ್ಪಾ, ಅಕ್ಕಿ ಪಾವಿನ ಮೇಲೆ ನಿನ್ನ ಹೆಸರಿದೆ" ಅಂದ್ಲಂತೆ. ಅವನು ಏನಂದ ಗೊತ್ತಾ, "ಹೂಂ, ಕಳೆದೋಗ್ಬಾರ್ದು ಅಂತ ಬರೆಸಿದ್ದೆ."

ತಿಥಿ ದಿನ ಭಾಷಣ ಮಾಡಿದೋರು ಆ ಕಪ್ಪನ್ನ ಫೋಟೋ ಪಕ್ಕ ಇಡಿ ಅಂತ ಹುಡುಕಾಡಿದ್ರು. ಅದು ಅಡುಗೆಯೋರ ಹತ್ರ ಇತ್ತು.

ಮಗಳು ಓಡೋ ಕಥೆ ಅವಳೇ ಹೇಳಿದ್ದು. ದೊಡ್ಡವಳಿಗೆ ಓಟ ಅಂದ್ರೆ ಆಗದು, ದಪ್ಪಗಿದ್ಲು, ಅಪ್ಪ ಪಿಟಿ ಮೇಷ್ಟ್ರು ಅನ್ನೋದೇ ಅವಳಿಗೆ ದೊಡ್ಡ ಕಾಟ. ಯಾವಳೋ ಬರ್ಲಿಲ್ಲ ಅಂತ ಒಂದು ಸಲ ಹೋಬಳಿ ಮಟ್ಟದಲ್ಲಿ 800ಕ್ಕೆ ಇವಳನ್ನ ನಿಲ್ಲಿಸಿದಾರೆ. ಅಪ್ಪನೇ ಟೈಂಕೀಪರ್. ಎಲ್ರೂ ಮುಗಿಸಿ, ನೀರು ಕುಡಿದು, ಮುಂದಿನ ಈವೆಂಟಿನ ಹುಡುಗರು ಟ್ರ್ಯಾಕಿಗೆ ಬಂದು ನಿಂತ್ರೂ ಇವಳು ಇನ್ನೂ ಬರ್ತಾನೇ ಇದಾಳೆ, ಅಳ್ತಾ, ಸೊಂಟ ಹಿಡ್ಕೊಂಡು. ಸ್ಟಾರ್ಟರ್ ಮೇಷ್ಟ್ರು ಬಂದು "ಬಿಡಿ ಸಾರ್, ವಾಚ್ ಆಫ್ ಮಾಡಿ, ಲೇಟಾಯ್ತು" ಅಂದ್ರಂತೆ. ಇವನು ಮಾತಾಡ್ಲಿಲ್ಲ, ವಾಚಿನ ಬಟನ್ ಮೇಲೆ ಹೆಬ್ಬೆಟ್ಟು ಇಟ್ಕೊಂಡೇ ನಿಂತಿದ್ದ. ಅವಳು ಗೆರೆ ದಾಟಿದ ಮೇಲೆ ಒತ್ತಿ, ಪುಸ್ತಕ ತೆಗೆದು ಬರ್ಕೊಂಡ. "ಅಂಕಲ್, ಅಪ್ಪ ಅವತ್ತು ತಬ್ಕೊಳ್ಳಲಿಲ್ಲ, ಸಮಾಧಾನನೂ ಮಾಡ್ಲಿಲ್ಲ, 'ಐದು ನಿಮಿಷ ಹನ್ನೊಂದು ಸೆಕೆಂಡು' ಅಂದ್ರು ಅಷ್ಟೆ. ನಂಗೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ ಮೂರು ದಿನ ಮಾತು ಬಿಟ್ಟಿದ್ದೆ" ಅಂದ್ಲು. ಹೇಳ್ತಾ ಹೇಳ್ತಾ ಆ ಪುಸ್ತಕ ತಂದು ನನ್ನ ಕೈಗಿಟ್ಲು.

ಆ ಪುಸ್ತಕದ ವಿಷಯ ಹೇಳೋಕೇ ನಾನು ಇಷ್ಟೆಲ್ಲ ಬರೆದಿದ್ದು ಅಂದ್ಕೋ. ಉದ್ದನೇ ಲೆಕ್ಕದ ಪುಸ್ತಕ, ಅಂಗಡೀಲಿ ಸಾಲ ಬರೀತಾರಲ್ಲ ಆ ಥರದ್ದು, ಕೆಂಪು ರಟ್ಟು. ಮುಂದಿನಿಂದ ಸ್ಕೂಲು: ಮಗುವಿನ ಹೆಸರು, ಊರು, 100, 200, 400, ತಾರೀಕು. ಬರಿಗಾಲಲ್ಲಿ ಓಡಿದ್ರೆ ಪಕ್ಕದಲ್ಲಿ ಒಂದು ಸಣ್ಣ 'ಬ'. 2006ನೇ ಇಸವಿ ಹತ್ರ ಬಂದ್ರೆ ಇದ್ದಕ್ಕಿದ್ದಂಗೆ ಹೆಣ್ಮಕ್ಕಳ ಹೆಸರು ಜಾಸ್ತಿ ಆಗುತ್ತೆ. ಯಾಕೆ ಅಂತ ಯೋಚಿಸಿದ್ರೆ ಹೊಳೀತು. ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು ಆಗಲೇ. ಅದಕ್ಕೆ ಮುಂಚೆ ಪಕ್ಕದ ಹಳ್ಳಿ ಹುಡುಗೀರು ನಾಕೂವರೆ ಬಸ್ಸು ತಪ್ಪಿದ್ರೆ ಮನೆ ಸೇರೋ ಹಾಗಿರ್ಲಿಲ್ಲ, ಪ್ರಾಕ್ಟೀಸಿಗೆ ಯಾರು ನಿಲ್ತಾರೆ? ಸೈಕಲ್ ಬಂದ ಮೇಲೆ ಐದೂವರೆವರೆಗೂ ಓಡಿ, ಗುಂಪಾಗಿ ಪೆಡಲ್ ಹೊಡ್ಕೊಂಡು ಹೋಗೋರು, ಕೊನೇ ಹುಡುಗಿ ಮನೆ ಸೇರೋವರೆಗೂ ಇವನ ಟಿವಿಎಸ್ ಹಿಂದೆ ಹಿಂದೆ.

ಇನ್ನು ಅದೇ ಪುಸ್ತಕ ತಿರುಗಿಸಿ ಹಿಂದಿನಿಂದ ನೋಡಿದ್ರೆ ಮನೆ. ದೊಡ್ಡವಳು ಮೊದಲ ಸಲ ಬಿಡದೆ ನಡೆದಿದ್ದು, ಹೊಸ್ತಿಲಿಂದ ತೊಟ್ಟಿವರೆಗೂ, 9 ಸೆಕೆಂಡು. ಚಿಕ್ಕವಳು ಅದೇ ದೂರಕ್ಕೆ 6.5, ಪಕ್ಕದಲ್ಲಿ "ಬಿದ್ದಳು, ಎದ್ದಳು". ಹೆಂಡ್ತಿ ಸ್ಕೂಟರ್ ಕಲಿತಿದ್ದು. ಆಮೇಲೆ 2019. ಅವ್ವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡು ಆಪರೇಷನ್ ಆಗಿದ್ದು ನಿಂಗೂ ಹೇಳಿದ್ದೆ. ಡಾಕ್ಟ್ರು ನಡೆಸಿ ಅಂದ್ರೂ ಅವ್ವ ಮಂಚ ಬಿಟ್ಟು ಏಳಲ್ಲ ಅಂತ ಹಠ. ಪುಸ್ತಕದಲ್ಲಿ ಮೂರು ಪುಟ ಬರೀ ಅವ್ವಂದೇ ಇದೆ ಕಣೋ. "ಅವ್ವ, ಮಂಚ-ಬಚ್ಚಲು, ವಾಕರ್, 4.10." ಮಾರನೇ ದಿನ 4.25, "ಬೆಳಗ್ಗೆಯಿಂದ ಮೂಡಿಲ್ಲ." ಆಮೇಲೆ 3.40, 3.05, 2.35. ನಡುವೆ ಒಂದು ವಾರ ಖಾಲಿ, "ಜ್ವರ". ಆಮೇಲೆ ವಾಕರ್ ಹೋಗಿ ಕೋಲು ಬಂತು, 1.50. ಕೊನೇ ಸಾಲು: "ಮಂಚ-ತುಳಸಿಕಟ್ಟೆ-ಮಂಚ, 3.02. ಎರಡು ಸಲ ನಿಂತು ನನ್ನ ಬೈದಳು."

ನಾನು ಅದನ್ನ ಓದ್ತಾ ಇದ್ದಾಗ ಅವ್ವ ಪಕ್ಕದಲ್ಲೇ ಚಾಪೆ ಮೇಲೆ ಕೂತಿತ್ತು. ಓದಕ್ಕೆ ಬರಲ್ಲ, ಆದ್ರೆ ನಾನು ಯಾವ ಪುಟ ನೋಡ್ತಿದೀನಿ ಅಂತ ಗೊತ್ತಾಯ್ತೇನೋ. "ದಿನಾ ಸಂಜೆ ಆ ಗಡಿಯಾರ ಇಡ್ಕಂಡು ನಿಂತ್ಕಳನು ಕಣಪ್ಪ, ನೆನ್ನೆಗಿಂತ ಬಿರ್ನೆ ಬಾ ಅವ್ವ ಅನ್ನನು. ನನ್ನ ನಡ್ಸಿ ನಡ್ಸಿ ತಾನು ಮುಂದ್ಕೋಗ್ಬುಟ್ಟ" ಅಂತು. ಕಣ್ಣೀರಿಲ್ಲ. ಆಮೇಲೆ "ಅವನು ಬಂದಿಲ್ವಾ, ಅಮೇರಿಕದೋನು" ಅಂತ ನಿನ್ನ ಕೇಳ್ತು. ನೀನು ಅವತ್ತು ರಾಗಿ ಮುದ್ದೆ ಅಗಿದು ತಿಂದಿದ್ದು ಇನ್ನೂ ಮರ್ತಿಲ್ಲ ಅವ್ವ.

ಈಗ ನಿಂಗೆ ಒಂದು ವಿಷಯ ಹೇಳ್ಬೇಕು, ಕೂತಿದ್ಯಾ.

ಊಟ ಆದ ಮೇಲೆ ಒಬ್ಬ ಹುಡುಗ ಬಂದ, ಈಗ ಪೊಲೀಸ್ ಕಾನ್‌ಸ್ಟೇಬಲ್, ಇವನ ಸ್ಟೂಡೆಂಟು. ನನ್ನ ಹತ್ರ ಬಂದು "ಸಾರ್, 92ರ ರಿಲೇಲಿ ಮೂರನೇ ಲೆಗ್ ಓಡಿದೋರು ನೀವೇನಾ" ಅಂದ. ನಂಗೆ ಅರ್ಥನೇ ಆಗ್ಲಿಲ್ಲ. ಇಲ್ಲಪ್ಪ, ನಾನು ಫಸ್ಟ್ ಲೆಗ್ಗು, ಮೂರನೆಯೋನು ಅಮೇರಿಕದಲ್ಲಿದಾನೆ, ಯಾಕೆ ಅಂದೆ. ಆಗ ಹೇಳ್ದ.

ಓವಲ್ ಗ್ರೌಂಡು, ಕೊನೇ ಈವೆಂಟು, ನಾಕು ಇಂಟು ನಾನೂರು. ನಾನು ಮೂರನೇ ಪ್ಲೇಸಲ್ಲಿ ತಂದ್ಕೊಟ್ಟಿದ್ದೆ, ಎರಡನೆಯೋನು ಅದನ್ನ ಉಳಿಸ್ಕೊಂಡ, ನೀನು ಜೀವಮಾನದಲ್ಲೇ ಚೆನ್ನಾಗಿ ಓಡಿ ಎರಡನೇ ಪ್ಲೇಸಿಗೆ ತಂದೆ. ಕೊನೇ ಚೇಂಜಲ್ಲಿ ಆರು ಜನ ಒತ್ತರಿಸ್ಕೊಂಡು ನಿಂತಿದ್ರು, ಕ್ಯಾಪ್ಟನ್ ಕೈ ಹಿಂದೆ ಚಾಚಿದ್ದ, ಬ್ಯಾಟನ್ ಅವನ ಮಣಿಕಟ್ಟಿಗೆ ತಗುಲಿ ಕೆಳಗೆ ಬಿತ್ತು. ನೀನೇ ಬಗ್ಗಿ ಎತ್ಕೊಟ್ಟೆ. ಅಷ್ಟರಲ್ಲಿ ಎಲ್ಲಾ ಹೋಗಿದ್ರು. ಅವನು ಕೊನೇ ಪ್ಲೇಸಿಂದ ಇಬ್ಬರನ್ನ ಹಿಡಿದ, ನಾಲ್ಕನೆಯೋರಾದ್ವಿ. ಇಡೀ ವರ್ಷ ಹಾಸ್ಟೆಲಲ್ಲಿ ನಿನ್ನ "ಕೋಲಣ್ಣ" ಅಂತ ಕರೆದ್ರು. ನಾನೂ ಕರೆದೆ. ನೀನು ಆಮೇಲೆ ಗ್ರೌಂಡಿಗೆ ಬರೋದೇ ಬಿಟ್ಟೆ, ಓದ್ಬೇಕು ಅಂತ ಹೇಳ್ದೆ, ನಾವೂ ನಂಬಿದಂಗೆ ಮಾಡಿದ್ವಿ.

ಆ ಹುಡುಗ ಹೇಳಿದ್ದು: ಪ್ರತಿ ವರ್ಷ ರಿಲೇ ಕಲಿಸೋ ಮೊದಲ ದಿನ ಮೇಷ್ಟ್ರು ಎಲ್ರನ್ನೂ ಕೂರಿಸ್ಕೊಂಡು ಮೊದಲು ಕೋಲಾರದ ಕೆನ್ನೆತ್ ಪೊವೆಲ್ ಬಗ್ಗೆ ಹೇಳೋರಂತೆ, 1964ರ ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮ 4x100 ಟೀಮು ಸೆಮಿಫೈನಲ್‌ವರೆಗೂ ಹೋಗಿತ್ತು ಅಂತ. ಆಮೇಲೆ ಈ ನಮ್ಮ ಕಥೆ. "ನೂರರ ರಿಲೇಲಿ ಹಿಂದೆ ನೋಡದೆ ಕೈ ಚಾಚ್ಬೇಕು. ನಾನೂರರಲ್ಲಿ ಹಂಗಲ್ಲ, ಬರೋನು ಸತ್ತು ಸುಣ್ಣ ಆಗಿರ್ತಾನೆ, ಅವನಿಗೆ ಕಣ್ಣು ಕಾಣಲ್ಲ, ಕೈ ಎಲ್ಲಿದೆ ಅಂತ ಗೊತ್ತಾಗಲ್ಲ. ತಿರುಗಿ ನೋಡಿ ಅವನ ಕೈಯಿಂದ ಕೋಲು ಈಸ್ಕೋಬೇಕಾದೋನು ನಿಂತಿರೋನು. ನಾನು ಅವತ್ತು ಮುಂದಿದ್ದೋನನ್ನ ನೋಡ್ತಾ ಇದ್ದೆ, ನನ್ನ ಫ್ರೆಂಡನ್ನ ನೋಡ್ಲಿಲ್ಲ. ಕೋಲು ಬಿದ್ರೆ ಈಸ್ಕೊಳೋನ ತಪ್ಪು." ಅಷ್ಟು ಹೇಳಿ, "ಬೈಸ್ಕೊಂಡಿದ್ದು ಮಾತ್ರ ಅವನು" ಅನ್ನೋರಂತೆ. ಇಪ್ಪತ್ತೈದು ಬ್ಯಾಚಿನ ಮಕ್ಕಳಿಗೆ ಇದು ಬಾಯಿಪಾಠ ಕಣೋ. ನಿನ್ನ ಹೆಸರು ಗೊತ್ತಿಲ್ಲ, ಆದ್ರೆ ಮೂರನೇ ಲೆಗ್ಗಿನೋರು ಅಂದ್ರೆ ಆ ಸ್ಕೂಲಲ್ಲಿ ಎಲ್ರಿಗೂ ಗೊತ್ತು.

ಅದನ್ನ ನಿಂಗೆ ಯಾಕೆ ಹೇಳ್ಲಿಲ್ಲ ಅವನು? 2011ರಲ್ಲಿ ನೀನು ಬಂದಾಗ ಹೇಳಬಹುದಿತ್ತು. ಇಡೀ ಮಧ್ಯಾಹ್ನ ಗ್ರೌಂಡಲ್ಲೇ ಇದ್ರಿ ಇಬ್ರೂ. ನಂಗೆ ಇದಕ್ಕೂ ಅವನ ಮೇಲೆ ಸಿಟ್ಟಿದೆ. ಇನ್ನೂರು ಮಕ್ಕಳಿಗೆ ಹೇಳೋಕೆ ಬಾಯಿ ಬಂತು, ಹೇಳ್ಬೇಕಾದೋನು ಎದುರಿಗೆ ನಿಂತಾಗ ಸುಣ್ಣದ ಪುಡಿ ಬಗ್ಗೆ ಜಗಳ ಆಡ್ದ. ಈಗ ನಾನು ಹೇಳ್ತಿದೀನಿ, ತಗೋ. "ಕೋಲಣ್ಣ" ಅಂದಿದ್ದಕ್ಕೆ ನನ್ನ ಕಡೆಯಿಂದನೂ ಸಾರಿ, ಮೂವತ್ತು ವರ್ಷ ಲೇಟು.

ಆ ಜಗಳ ಹೇಳಿದ್ನಲ್ಲ, ಈಗ ಅದೇ ನನ್ನ ತಲೆ ಮೇಲೆ ಬಂದು ಕೂತಿದೆ. ಅವನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ, ಹೋಬಳಿ ಕ್ರೀಡಾಕೂಟ ಹತ್ರ ಬಂತು, ಟ್ರ್ಯಾಕ್ ಹಾಕೋರು ಯಾರೂ ಇಲ್ಲ ಅಂತ ಹೆಡ್ ಮೇಡಂ ತಿಥಿ ದಿನನೇ ಕೈ ಹಿಡ್ಕೊಂಡು ಹೇಳಿದ್ರು. ನಾನು ಬರ್ತೀನಿ ಅಂದ್ಬಿಟ್ಟೆ. ಎರಡು ಭಾನುವಾರದಿಂದ ಹೋಗ್ತಿದೀನಿ. ಅವನ ಹಗ್ಗ, ಗೂಟ, ಪಿಕಾಸಿ ಎಲ್ಲಾ ಸ್ಟೋರ್ ರೂಮಲ್ಲಿ ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟಿದಾನೆ, ಹಗ್ಗಕ್ಕೆ 18.90 ಮೀಟರಿಗೆ, ಅರ್ಧ ಸುತ್ತು ಎಳೆಯೋ ಅಳತೆಗೆ, ಒಂದು ಗಂಟು, ಗಂಟಿಗೆ ಕೆಂಪು ಬಟ್ಟೆ. ಇನ್ನೂರು ಮೀಟರ್ ಟ್ರ್ಯಾಕು, ನೇರ ಭಾಗ ನಲವತ್ತು ನಲವತ್ತು, ಎರಡು ಅರ್ಧ ಸುತ್ತು. ಮಳೆ ಬಂದ್ರೆ ಸುಣ್ಣ ನಿಲ್ಲಲ್ಲ ಅಂತ ಮೊದಲು ಪಿಕಾಸೀಲಿ ಎರಡು ಬೆರಳು ಆಳ ಗೀರಿ ಆಮೇಲೆ ಸುಣ್ಣ ತುಂಬೋದು ಅವನ ಪದ್ಧತಿ. ನನ್ನ ಸೊಂಟ ಬಿದ್ದೋಗಿದೆ. ಮಕ್ಕಳು ಹಗ್ಗದ ಇನ್ನೊಂದು ತುದಿ ಹಿಡ್ಕೊಂಡು "ಸಾರ್ ಹಂಗಲ್ಲ, ಮೇಷ್ಟ್ರು ಹಿಂಗೆ ಹಿಡೀತಿದ್ರು" ಅಂತ ನಂಗೇ ಕಲಿಸ್ತಾರೆ.

ಒಂದನೇ ಲೇನ್ ಆಯ್ತು. ಈಗ ಸ್ಟ್ಯಾಗರ್, ಅಂದ್ರೆ ಹೊರಗಿನ ಲೇನಿನೋರನ್ನ ಎಷ್ಟೆಷ್ಟು ಮುಂದೆ ನಿಲ್ಲಿಸ್ಬೇಕು ಅನ್ನೋ ಅಳತೆ. ನೀನು ಅವತ್ತು ರೂಲ್ ಬುಕ್ಕಲ್ಲಿ ಎರಡನೇ ಲೇನಿಗೆ 7.04 ಮೀಟರ್ ಅಂತಿದೆ ಅಂದೆ, ಅವನು ಅದು ಒಳಗಡೆ ಎತ್ತರದ ಅಂಚು ಇರೋ ಸ್ಟೇಡಿಯಂಗೆ, ಅಲ್ಲಿ ಮೊದಲ ಲೇನ್ ಮೂವತ್ತು ಸೆಂಟಿಮೀಟರ್ ಬಿಟ್ಟು ಅಳೀತಾರೆ, ನಮ್ದು ಬರೀ ಸುಣ್ಣದ ಗೆರೆ, ಎಲ್ಲಾ ಲೇನಿಗೂ ಇಪ್ಪತ್ತೇ, ಅದಕ್ಕೆ 7.67 ಅಂದ. ಟ್ರ್ಯಾಕ್ ಸಣ್ಣದಾದ್ರೂ ದೊಡ್ಡದಾದ್ರೂ ಇದು ಬದಲಾಗಲ್ಲ, ಲೇನಿನ ಅಗಲ 1.22 ಇದ್ರೆ ಸಾಕು ಅಂತ ನೀನೇ ನೆಲದ ಮೇಲೆ ಕಡ್ಡೀಲಿ ಲೆಕ್ಕ ಬಿಡಿಸಿ ತೋರಿಸಿದ್ದೆ. ಅರವತ್ಮೂರು ಸೆಂಟಿಮೀಟರಿಗೆ ಮುಕ್ಕಾಲು ಗಂಟೆ ಕಿತ್ತಾಡಿದ್ರಿ ಮಾರಾಯ, ನಾನು ಬೇವಿನ ಮರದ ಕೆಳಗೆ ಕೂತು ಕಡ್ಲೆಕಾಯಿ ತಿಂತಿದ್ದೆ. ಕೊನೆಗೆ ಯಾರು ಗೆದ್ರಿ ಅಂತ ನಂಗೆ ನೆನಪಿಲ್ಲ. ಅವನದೇ ಸರಿ ಅಂತ ಕಾಣುತ್ತೆ, ಗೆರೆ ಸುಣ್ಣದ್ದೇ ತಾನೆ. ಆದ್ರೆ ಈ ಟ್ರ್ಯಾಕಲ್ಲಿ 400ಕ್ಕೆ ಎರಡು ಸುತ್ತು ಬರುತ್ತಲ್ಲ, ಪೂರ್ತಿ ಲೇನಲ್ಲೇ ಓಡ್ಸಿದ್ರೆ ಎರಡನೆಯದಕ್ಕೆ 15.33 ಆಗ್ಬೇಕಾ? ಆರು ಲೇನಿದೆ, ಆರನೆಯೋನು ಎಲ್ಲಿ ನಿಲ್ತಾನೆ, ಮೂಲೆ ಕೊಳಾಯಿ ಹತ್ರ ಹೋಗ್ಬಿಡ್ತಾನೇನೋ ಅನ್ನಿಸ್ತಿದೆ.

ಲೆಕ್ಕ ಮಾಡಿ ಫೋನ್ ಮಾಡು. ನಮ್ಮ ಭಾನುವಾರ ರಾತ್ರಿ ಎಂಟೂವರೆ ಮೇಲೆ ಮಾಡು, ನಿಂಗೆ ಆಗ ಬೆಳಗ್ಗೆ. ಅದಕ್ಕೆ ಮುಂಚೆ ನಾನು ಗ್ರೌಂಡಲ್ಲೋ ಬಸ್ಸಲ್ಲೋ ಇರ್ತೀನಿ, ಸಿಗ್ನಲ್ ಸಿಗಲ್ಲ. ಡಿಸೆಂಬರಲ್ಲಿ ಬರೋದಾದ್ರೆ ಅವ್ವನಿಗೆ ಹೇಳಿರ್ತೀನಿ, ಅಕ್ಕಿ ನಾಕು ಕಪ್ ಹಾಕಿಸೋಕೆ.

ನಿನ್ನ
ಫಸ್ಟ್ ಲೆಗ್ಗು